ಹನ್ನೊಂದು ಗಂಟೆಯೊಳಗೆ ಹಂಪ್ಟಾ

ದಾದರ್ ಸ್ಟೇಶನ್ನಿನ ಪಕ್ಕದ ಆ ಹೋಟೆಲಿನಲ್ಲಿ ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಗಿರಾಕಿಗಳು ಕಡಿಮೆ. 1973ರ ಫೆಬ್ರುವರಿಯ ಒಂದು ಭಾನುವಾರ ಅದೇ ಹೊತ್ತು ನೋಡಿಕೊಂಡು ವಿನೋದಿನಿ ಮೂಲೆಯ ಮೇಜಿನ ಮೇಲೆ ದೊಡ್ಡದೊಂದು ಕಾಗದ ಹಾಸಿದಳು. ಅದು ಸುರುಳಿ ಸುತ್ತಿಕೊಳ್ಳದಂತೆ ನಾಲ್ಕು ಮೂಲೆಗೂ ಚಟ್ನಿ ಬಟ್ಟಲು ಇಟ್ಟಳು. ಹಿಮಾಲಯದ ಮೇಲೆ ಚಟ್ನಿ ಚೆಲ್ಲಿದರೆ ನನ್ನನ್ನು ಬೈಯಬೇಡಿ ಎಂದು ಸೀನ ಮೊದಲೇ ಹೇಳಿಟ್ಟ. ಅವನು ಆ ಹೋಟೆಲಿನ ಅಡುಗೆಯವ, ಉಡುಪಿಯ ಕಡೆಯವ, ಇಪ್ಪತ್ತೆಂಟರ ಪ್ರಾಯ. ನಡೆ ಎಂದರೆ ಓಡುವ ಜಾತಿ.

ಕಾಗದದ ಮೇಲಿದ್ದದ್ದು ಜೂನ್ ತಿಂಗಳ ಯಾತ್ರೆ. ಕುಲು ಕಣಿವೆಯಿಂದ ಹೊರಟು, ಹದಿನಾಲ್ಕು ಸಾವಿರ ಅಡಿ ಎತ್ತರದ ಹಂಪ್ಟಾ ಘಾಟಿಯನ್ನು ಏರಿ, ಆಚೆಗಿನ ಲಾಹೌಲಿಗೆ ಇಳಿಯಬೇಕು. ಅಲ್ಲಿನ ಕುರಿಗಾಹಿಗಳು ತಲೆತಲಾಂತರದಿಂದ ನಡೆದ ದಾರಿ ಅದು. ಐದು ದಿನದ ನಡಿಗೆ, ಏನಾದರೂ ಎಡವಟ್ಟಾದರೆ ಇರಲಿ ಎಂದು ಕೈಯಲ್ಲಿ ಒಂದು ದಿನ ಹೆಚ್ಚಿಗೆ. ಅದಕ್ಕಿಂತ ಹೆಚ್ಚು ರಜೆ ಮೂವರಲ್ಲಿ ಯಾರಿಗೂ ಇರಲಿಲ್ಲ.

ವಿನೋದಿನಿ ಸಾಂತಾಕ್ರೂಜಿನವಳು. ಚರ್ಚ್‌ಗೇಟಿನ ರೈಲ್ವೆ ಕಚೇರಿಯಲ್ಲಿ ವೇಳಾಪಟ್ಟಿ ಬರೆಯುವ ಕೆಲಸ. ಅಲ್ಲಿ ರೈಲುಗಳನ್ನು ಗೆರೆಗಳಾಗಿ ಬರೆಯುತ್ತಾರೆ. ಕಾಗದದ ಎಡಕ್ಕೆ ಒಂದರ ಮೇಲೊಂದು ಸ್ಟೇಶನ್ನಿನ ಹೆಸರು, ಅಡ್ಡಕ್ಕೆ ಗಂಟೆ, ನಿಮಿಷ. ಗಾಡಿ ಜೋರಾಗಿ ಓಡಿದರೆ ಗೆರೆ ಕಡಿದಾಗುತ್ತದೆ, ನಿಂತರೆ ಮಲಗುತ್ತದೆ. ಹನ್ನೊಂದು ವರ್ಷ ಅದೇ ಗೆರೆ ಎಳೆದವಳು ಬೆಟ್ಟ ಹತ್ತುವುದಕ್ಕೂ ಅದನ್ನೇ ಎಳೆದಿದ್ದಳು. ಸ್ಟೇಶನ್ನುಗಳ ಜಾಗದಲ್ಲಿ ಹಳ್ಳ, ಹುಲ್ಲುಗಾವಲು, ಡೇರೆ ಹಾಕುವ ಜಾಗಗಳ ಹೆಸರು. ಎಷ್ಟು ಕಿಲೋಮೀಟರು, ಎಷ್ಟು ಅಡಿ ಏರು, ಎಷ್ಟು ನಿಮಿಷ ಎಂಬುದೆಲ್ಲ ಪಕ್ಕಾ.

ಮೇಜಿನ ಮೂರನೆಯವ ಅಣವೀರಪ್ಪ. ಅವನ ಮಾತು ಸ್ವಲ್ಪ ನಿಧಾನವಾಗಿಯೇ ಹೇಳಬೇಕು, ಯಾಕೆಂದರೆ ಈ ಕತೆ ಅವನದು. ಐವತ್ತೇಳು ವರ್ಷ. ಬಿಜಾಪುರದ ಕಡೆಯಿಂದ ಬಂದು ಮೂವತ್ತೊಂದು ವರ್ಷದಿಂದ ಬೊರಿವಲಿಯಲ್ಲಿ ರೈಲ್ವೆಯ ಕೀಮನ್. ಹೆಗಲಿಗೆ ಸುತ್ತಿಗೆ, ಕೈಯಲ್ಲಿ ಕೆಂಪು ಬಾವುಟ. ದಿನಾ ಬೆಳಿಗ್ಗೆ ತನ್ನ ಪಾಲಿನ ಆರು ಕಿಲೋಮೀಟರು ಹಳಿಯನ್ನು ನೋಡುತ್ತ, ಸಡಿಲಾದ ಬೆಣೆಗಳನ್ನು ಬಡಿಯುತ್ತ ಹೋಗುವುದು, ತನ್ನ ಹದ್ದಿನ ಕಂಬ ಬಂದ ಕೂಡಲೇ ತಿರುಗಿ ಬರುವುದು. ಕಂಬದ ಆಚೆಯದು ಇನ್ನೊಬ್ಬನ ಪಾಲು. ಮುಂದಿನ ವರ್ಷದ ಮಾರ್ಚಿಗೆ ನಿವೃತ್ತಿ. ಆಮೇಲೆ ಬೊರಿವಲಿಯ ಕ್ವಾರ್ಟರ್ಸ್ ಬಿಟ್ಟು ಮಗಳ ಮನೆಗೆ. ಇಷ್ಟು ವರ್ಷ ನಡೆದೆ, ಆದರೆ ಎಂದೂ ಏನನ್ನೂ ದಾಟಲಿಲ್ಲ, ಒಂದು ಬೆಟ್ಟವನ್ನಾದರೂ ದಾಟಿ ಆಚೆಗೆ ಏನಿದೆ ಅಂತ ನೋಡಬೇಕು ಎಂದು ಅವನು ಕನ್ನಡ ಸಂಘದ ಚಾರಣ ವಿಭಾಗಕ್ಕೆ ಹೆಸರು ಕೊಟ್ಟಿದ್ದ. ಈ ಸಲ ಬಿಟ್ಟರೆ ಅವನಿಗೆ ಮತ್ತೊಂದು ಸಲ ಇರಲಿಲ್ಲ.

ಸಂಘದ ಕಾರ್ಯದರ್ಶಿ ಗುರಲಿಂಗಪ್ಪನಿಗೆ ಇದು ಸುತರಾಂ ಒಪ್ಪಿಗೆಯಿರಲಿಲ್ಲ. ಮುದುಕ ಅರ್ಧ ದಾರಿಯಲ್ಲಿ ಕೂತರೆ ಮೂವರೂ ಕೂರಬೇಕು, ಅವನನ್ನು ಮನಾಲಿಯಲ್ಲಿ ಬಿಟ್ಟು ನೀವಿಬ್ಬರೂ ದಾಟಿ ಬನ್ನಿ ಎಂದು ವಿನೋದಿನಿಯ ಕಿವಿಯಲ್ಲಿ ಊದಿದ್ದ. ಅವಳಿಗೆ ಸಿಟ್ಟು ಬಂದಿತ್ತು. ಮೂವರೂ ದಾಟುವ ಹಾಗೆ ಗೆರೆ ಎಳೆಯುತ್ತೇನೆ, ನೋಡಿ ಎಂದು ಹೇಳಿಬಿಟ್ಟಿದ್ದಳು. ಈಗ ಆ ಮಾತನ್ನು ಉಳಿಸಿಕೊಳ್ಳಬೇಕಿತ್ತು.

ಮುಂದಿನ ಮೂರು ತಿಂಗಳು ಭಾನುವಾರ ಬಂತೆಂದರೆ ಮೂವರೂ ಮೊದಲ ಲೋಕಲ್ ಹಿಡಿದು ಬೊರಿವಲಿಯಲ್ಲಿ ಸೇರುತ್ತಿದ್ದರು. ಅಲ್ಲಿಂದ ಕಾಡೊಳಗೆ ಕಾನ್ಹೇರಿ ಗುಹೆಗಳವರೆಗೆ, ಗುಹೆಗಳ ನೆತ್ತಿಯ ಬಂಡೆಯವರೆಗೆ, ಮತ್ತೆ ಕೆಳಗೆ. ಬೆನ್ನಿನ ಚೀಲದಲ್ಲಿ ಸೀನ ಹೋಟೆಲಿನಿಂದ ತಂದ ಅಕ್ಕಿ, ತಲೆಗೆ ಹತ್ತು ಕಿಲೋ. ವಿನೋದಿನಿ ಗಡಿಯಾರ ಹಿಡಿದು ಪ್ರತಿ ತಿರುವಿನಲ್ಲೂ ಸಮಯ ಬರೆದುಕೊಳ್ಳುತ್ತಿದ್ದಳು. ಸೀನ ಒಂದು ದಿನ ಐವತ್ತು ನಿಮಿಷಕ್ಕೆ ಮೇಲೆ ಮುಟ್ಟಿದರೆ, ಇನ್ನೊಂದು ದಿನ ಏದುಸಿರು ಬಿಡುತ್ತ ಒಂದೂವರೆ ಗಂಟೆಗೆ. ಅಣವೀರಪ್ಪ ಪ್ರತಿ ಸಲವೂ ಒಂದು ಗಂಟೆ ಇಪ್ಪತ್ತು ನಿಮಿಷ. ಬಿಸಿಲಿರಲಿ, ಏರಿರಲಿ, ನಿಮಿಷ ಹೆಚ್ಚಿಲ್ಲ, ಕಡಿಮೆಯಿಲ್ಲ. ಹಳಿಯಡಿಯ ಸ್ಲೀಪರಿನಿಂದ ಸ್ಲೀಪರಿಗೆ ಕಾಲಿಟ್ಟು ಬಂದ ಹೆಜ್ಜೆ ಅದು, ಗುಡ್ಡಕ್ಕೂ ಬದಲಾಗುತ್ತಿರಲಿಲ್ಲ.

ಈ ಎಲ್ಲ ಲೆಕ್ಕ ಸೇರಿಸಿ ಅವಳು ನಕ್ಷೆ ಮುಗಿಸಿದಳು. ನಾಲ್ಕನೆಯ ದಿನವೇ ಮುಖ್ಯ, ಘಾಟಿ ದಾಟುವ ದಿನ. ಬೆಳಿಗ್ಗೆ ಆರಕ್ಕೆ ಹೊರಟು, ಹತ್ತೂವರೆಗೆ ನೆತ್ತಿ, ಒಂದೂವರೆಗೆ ಆಚೆಯ ಡೇರೆ. ಅದರ ಮೇಲೆ ಎರಡು ಗಂಟೆ ಪುರಸತ್ತು. ವೇಳಾಪಟ್ಟಿ ಬರೆಯುವವರಿಗೆ ಇದೊಂದು ಹಳೆಯ ಜಾಣತನ. ಗಾಡಿ ದಾರಿಯಲ್ಲಿ ಅಲ್ಲಲ್ಲಿ ತಡವಾಗುತ್ತದೆಂದು ಗೊತ್ತಿರುವುದರಿಂದ ಕಡೆಯ ಸ್ಟೇಶನ್ನಿಗೆ ಮೊದಲು ನಾಲ್ಕು ನಿಮಿಷ ಹೆಚ್ಚಿಗೆ ಬರೆದಿರುತ್ತಾರೆ. ಎಷ್ಟು ತಡವಾದರೂ ಮುಟ್ಟುವಾಗ ಸರಿಹೋಗುತ್ತದೆ. ವಿನೋದಿನಿ ಕಣ್ಣುಮುಚ್ಚಿಕೊಂಡು ಹಾಗೇ ಬರೆದಳು, ದಿನದ ಕೊನೆಯಲ್ಲಿ, ಡೇರೆ ಮುಟ್ಟುವ ಮುಂಚೆ.

ಮೂವರಲ್ಲಿ ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ.

ಜೂನ್ ಎರಡನೆಯ ವಾರ ಅವರು ಬಾಂಬೆ ಸೆಂಟ್ರಲಿನಲ್ಲಿ ಗಾಡಿ ಹತ್ತಿದರು. ಅಣವೀರಪ್ಪನ ಹೆಂಡತಿ ಸುಂದ್ರವ್ವ ಒಂದು ಗಂಟು ಒಣಗಿಸಿದ ಜೋಳದ ಕಟಿರೊಟ್ಟಿ, ಶೇಂಗಾ ಚಟ್ನಿ ತಂದು ಕೊಟ್ಟು, ಈ ವಯಸ್ಸಿನಲ್ಲಿ ಇದೆಲ್ಲ ಯಾತಕ್ಕೆ ಬೇಕಿತ್ತು ಎಂದು ಗಾಡಿ ಬಿಡುವವರೆಗೂ ಬೈದಳು.

ದೆಹಲಿ ದಾಟಿ, ಬಸ್ಸಿನಲ್ಲಿ ಮನಾಲಿ ಸೇರಿ, ಅಲ್ಲಿ ಲುದರ್ ಚಂದ್ ಎಂಬ ದಾರಿಗಾರನನ್ನೂ ಇಬ್ಬರು ಹಮಾಲರನ್ನೂ ಗೊತ್ತುಮಾಡಿಕೊಂಡರು. ಲುದರ್ ಚಂದ್ ನಕ್ಷೆಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿ, ಹಿಂದಿಯಲ್ಲಿ ಒಂದೇ ಮಾತು ಹೇಳಿದ. ನೆತ್ತಿಯನ್ನು ಹನ್ನೊಂದರೊಳಗೆ ದಾಟಬೇಕು. ಆಮೇಲೆ ಮೋಡ ಬರುತ್ತದೆ, ಗಾಳಿ ಬರುತ್ತದೆ, ಹಿಮ ಮೆತ್ತಗಾಗಿ ಕಾಲು ಹೂತುಹೋಗುತ್ತದೆ. ಹತ್ತೂವರೆ ಎಂದು ಬರೆದಿದೆಯಲ್ಲ ಎಂದು ವಿನೋದಿನಿ ತೋರಿಸಿದಳು. ಅವನು ತಲೆಯಾಡಿಸಿದ.

ಮೊದಲ ಮೂರು ದಿನ ಗೆರೆ ಬರೆದ ಹಾಗೇ ನಡೆಯಿತು. ದೇವದಾರು ಮರಗಳ ನೆರಳಿನಲ್ಲಿ ಏರಿದರು. ಮರಗಳು ಗಿಡ್ಡವಾಗುತ್ತ ಬಂದು, ಬಿಳಿ ತೊಗಟೆಯ ಭೂರ್ಜದ ತೋಪಿನಲ್ಲಿ ಮುಗಿದವು. ಅದರ ಮೇಲೆ ಬರೀ ಹುಲ್ಲು. ಆ ಹುಲ್ಲಿನಲ್ಲಿ ಹಳದಿ, ನೀಲಿ ಹೂ ಎಷ್ಟಿದ್ದವೆಂದರೆ ಕಾಲಿಡಲು ಸಂಕೋಚವಾಗುತ್ತಿತ್ತು. ಎರಡೂ ಬದಿಯ ಬಂಡೆಗೋಡೆಗಳಿಂದ ನೀರು ಬಿಳಿ ದಾರಗಳಾಗಿ ಇಳಿಯುತ್ತಿತ್ತು. ಕುರಿಗಾಹಿಗಳ ನಾಯಿಗಳು ಇವರನ್ನು ಮೂಸಿ ನೋಡಿ, ಸೀನ ಎಸೆದ ರೊಟ್ಟಿ ತಿಂದು ಬಾಲ ಅಲ್ಲಾಡಿಸಿದವು. ಮೂರನೆಯ ಸಂಜೆ ಹನ್ನೆರಡು ಸಾವಿರ ಅಡಿಯ ಬಾಲೂ ಕಾ ಘೇರಾ ಎಂಬ ಮರಳು ಬಯಲಿನಲ್ಲಿ ಡೇರೆ ಹಾಕಿದಾಗ ನಕ್ಷೆಗಿಂತ ಹತ್ತು ನಿಮಿಷ ಮೊದಲೇ ಬಂದಿದ್ದರು. ವಿನೋದಿನಿಗೆ ಹೆಮ್ಮೆಯಾಯಿತು, ಅದನ್ನು ಅವಳು ಮುಚ್ಚಿಡಲೂ ಇಲ್ಲ.

ನಾಲ್ಕನೆಯ ಬೆಳಿಗ್ಗೆ ಡೇರೆಯ ಬಟ್ಟೆ ಹೆಪ್ಪುಗಟ್ಟಿ ಹಲಗೆಯಾಗಿತ್ತು. ಮಡಚಲು ನಲವತ್ತು ನಿಮಿಷ ಹೋಯಿತು. ಹಳ್ಳದ ನೀರು ಮೊಣಕಾಲಿಗೆ ಬಂದಿತ್ತು. ಬೂಟು ಬಿಚ್ಚಿ, ದಾಟಿ, ಮರಗಟ್ಟಿದ ಕಾಲು ತಿಕ್ಕಿ, ಮತ್ತೆ ಬೂಟು ಹಾಕುವಷ್ಟರಲ್ಲಿ ಇನ್ನೊಂದು ಅರ್ಧ ಗಂಟೆ. ಬಂಡೆ ರಾಶಿಯಲ್ಲಿ ಮತ್ತೊಂದಿಷ್ಟು. ಕೊನೆಯ ಹಿಮದ ಇಳಿಜಾರಿನ ಬುಡ ಮುಟ್ಟಿದಾಗ ಹತ್ತು ಗಂಟೆ ಇಪ್ಪತ್ತು ನಿಮಿಷ. ನೆತ್ತಿ ಇನ್ನೂ ಒಂದೂವರೆ ಗಂಟೆ ಮೇಲೆ.

ತಡವಾದ ಗಾಡಿಗೆ ರೈಲ್ವೆಯಲ್ಲಿ ಒಂದೇ ಔಷಧ. ವಿನೋದಿನಿ ಅದನ್ನೇ ಕೊಟ್ಟಳು. ಜೋರಾಗಿ ಹೆಜ್ಜೆ ಹಾಕಿ ಎಂದಳು.

ಸೀನ ಮುಂದೆ ಓಡಿದ. ಅಣವೀರಪ್ಪ ತನ್ನ ಹೆಜ್ಜೆ ಬಿಟ್ಟು ಅವನ ಹಿಂದೆ ಹೋದ. ವೇಳಾಪಟ್ಟಿಯ ಮಾತನ್ನು ಮೂವತ್ತೊಂದು ವರ್ಷ ಮೀರದ ಮನುಷ್ಯ, ಈಗ ಮೀರುತ್ತಾನೆಯೆ?

ಇಪ್ಪತ್ತು ನಿಮಿಷ.

ಅಣವೀರಪ್ಪ ನಿಂತ. ಕೋಲಿಗೆ ಆತುಕೊಂಡ. ಹಿಮದಲ್ಲೇ ಕುಳಿತು ವಾಂತಿ ಮಾಡಿಕೊಂಡ. ಎತ್ತರದ ತೆಳು ಗಾಳಿಗೆ ತಲೆ ಸಿಡಿಯುತ್ತಿತ್ತು, ತುಟಿ ಕಪ್ಪಿಟ್ಟಿತ್ತು.

ಲುದರ್ ಚಂದ್ ಅವನ ಕಡೆ ನೋಡಲಿಲ್ಲ, ಮೇಲೆ ನೋಡಿದ. ನೆತ್ತಿಯ ಹಿಂದಿನಿಂದ ಬೂದು ಮೋಡವೊಂದು ತಲೆ ಎತ್ತುತ್ತಿತ್ತು.

ಏಳುನೂರು ಅಡಿ ಅಷ್ಟೇ ಉಳಿದಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದು ಇದಕ್ಕೇ. ವಿನೋದಿನಿ ಗಡಿಯಾರ ನೋಡಿದಳು, ಮುದುಕನ ತುಟಿ ನೋಡಿದಳು, ಹಿಂದಕ್ಕೆ ಇಳಿಯೋಣ ಎಂದಳು. ಒಂದು ಗಂಟೆಯೊಳಗೆ ಅವರ ಬೆನ್ನ ಹಿಂದೆ ಘಾಟಿ ಕಾಣದಾಯಿತು.

ಮಧ್ಯಾಹ್ನ ಎರಡಕ್ಕೆ ಮತ್ತೆ ಅದೇ ಮರಳು ಬಯಲು. ಕೆಳಗಿಳಿದ ಹಾಗೆ ಅಣವೀರಪ್ಪನ ತಲೆನೋವು ಇಳಿದು, ಸೀನನ ಬಿಸಿ ಗಂಜಿ ಹೊಟ್ಟೆಯಲ್ಲಿ ನಿಂತಿತು. ಬೆಳಿಗ್ಗೆ ಒಂದಿಷ್ಟು ತಲೆನೋವು ಉಳಿದಿದ್ದರೂ ಅವನು ಮೇಲೆ ಬರುವ ಹಾಗಿಲ್ಲ ಎಂದು ಲುದರ್ ಚಂದ್ ಖಂಡಿತವಾಗಿ ಹೇಳಿದ. ಉಳಿದದ್ದು ಒಂದೇ ದಿನ. ನಾಳೆ ದಾಟದಿದ್ದರೆ ದೆಹಲಿಯ ಗಾಡಿ ತಪ್ಪುತ್ತದೆ, ಯಾತ್ರೆ ಅಲ್ಲಿಗೆ ಮುಗಿಯಿತು.

ಅಣವೀರಪ್ಪ ಗಂಜಿಯ ತಟ್ಟೆ ತೊಳೆದಿಟ್ಟು ವಿನೋದಿನಿಯ ಹತ್ತಿರ ಬಂದು ಕುಳಿತ.

"ಬಾಯಾರ, ನಾ ಒಬ್ಬ ಹಮಾಲನ ಕರ್ಕೊಂಡು ಕೆಳಗ ಇಳೀತೇನ್ರಿ. ನೀವಿಬ್ರು ದಾಟಿ ಬರ್ರಿ. ನನ್ನ ಸಲುವಾಗಿ ನಿಮ್ಮದ್ಯಾಕ ಕೆಡಬೇಕು."

ವಿನೋದಿನಿಗೆ ನಾಚಿಕೆಯಾಯಿತು. ಗುರಲಿಂಗಪ್ಪ ಹೇಳಿದ ಮಾತನ್ನೇ ಈಗ ಮುದುಕ ತಾನಾಗಿ ಹೇಳುತ್ತಿದ್ದಾನೆ, ಹೇಳುವ ಹಾಗೆ ಮಾಡಿದ್ದು ತನ್ನ ಗೆರೆ. ನಿಮ್ಮ ತಪ್ಪಲ್ಲ, ಎಲ್ಲಿ ತಪ್ಪಿತೆಂದು ನನಗೇ ತಿಳಿಯುತ್ತಿಲ್ಲ ಎಂದು ಅವಳು ನಕ್ಷೆ ಬಿಚ್ಚಿ ತೋರಿಸಿದಳು. ತಡವಾಗುತ್ತದೆ ಅಂತ ಎರಡು ಗಂಟೆ ಹೆಚ್ಚಿಗೆ ಇಟ್ಟಿದ್ದೆ, ಅಷ್ಟಿದ್ದೂ ಹೀಗಾಯಿತು ಎಂದಳು. ಆ ಎರಡು ತಾಸು ಎಲ್ಲಿದೆ ಎಂದು ಅವನು ಕೇಳಿದ. ಅವಳು ಬೆರಳಿಟ್ಟು ತೋರಿಸಿದಳು. ಗೆರೆ ನೆತ್ತಿ ಹತ್ತಿ, ಇಳಿದು, ಆಚೆಯ ಡೇರೆಯ ಹತ್ತಿರ ಮಲಗಿತ್ತು.

ಅಣವೀರಪ್ಪ ಅದನ್ನು ತುಸು ಹೊತ್ತು ನೋಡಿದ.

"ಗಾಡಿ ಬರೂಕಿಂತ ಮೊದಲ ನಾವು ಹಳಿ ಬಿಟ್ಟು ಸರದು ನಿಂದರತೇವ್ರಿ," ಎಂದ. "ಗಾಡಿ ಹಾದು ಹೋದ ಮ್ಯಾಲೆ ಎಷ್ಟ ಹೊತ್ತು ಸರದು ನಿಂತ್ರ ಏನ್ ಬಂತು?"

ವಿನೋದಿನಿ ಬೆರಳನ್ನು ಡೇರೆಯಿಂದ ನೆತ್ತಿಗೆ ಸರಿಸಿದಳು. ಅವಳ ಕಿವಿ ಕೆಂಪಗಾಗಿತ್ತು. ರೈಲಿನಲ್ಲಿ ಜನ ನೋಡುವುದು ಕೊನೆಯ ಸ್ಟೇಶನ್ನಿನ ಗಡಿಯಾರ. ಇಲ್ಲಿ ಗಡಿಯಾರ ಇದ್ದದ್ದು ನೆತ್ತಿಯ ಮೇಲೆ, ಹನ್ನೊಂದು ಗಂಟೆಗೆ. ಅದನ್ನು ದಾಟಿದ ಮೇಲೆ ಡೇರೆಗೆ ಎರಡಕ್ಕೆ ಬಂದರೇನು, ಐದಕ್ಕೆ ಬಂದರೇನು, ಕೇಳುವವರು ಯಾರು? ಹನ್ನೊಂದು ವರ್ಷದ ಕೈರೂಢಿ ಅವಳಿಗೇ ಗೊತ್ತಿಲ್ಲದೆ ಎರಡು ಗಂಟೆಯನ್ನು ಹಾಳು ಮಾಡಿತ್ತು.

"ಊಟಕ್ಕಿಲ್ಲದ ಉಪ್ಪಿನಕಾಯಿ ಆಯ್ತಲ್ಲ ಅಕ್ಕ ಅದು," ಎಂದ ಸೀನ. ಅಡುಗೆಯವನಿಗೆ ಅದು ಅಡುಗೆಯ ಭಾಷೆಯಲ್ಲೇ ತಿಳಿಯಿತು.

ಅವಳು ಪೆನ್ಸಿಲು ತೆಗೆದು ಹಳೆಯ ಗೆರೆ ಹೊಡೆದುಹಾಕಿದಳು. ಎರಡು ಗಂಟೆಯನ್ನು ಎತ್ತಿ ತಂದು ಹಿಮದ ಇಳಿಜಾರಿನ ಈಚೆಗೆ ಇಟ್ಟಳು. ಹೊರಡುವುದು ಆರಕ್ಕಲ್ಲ, ನಾಲ್ಕಕ್ಕೆ. ಡೇರೆಗಳನ್ನು ಮಡಚುತ್ತ ಕೂರುವುದು ಬೇಡ, ಹಮಾಲರು ಬಿಸಿಲು ಬಿದ್ದ ಮೇಲೆ ಕಟ್ಟಿಕೊಂಡು ಬರಲಿ, ಅವರ ಕಾಲಿಗೆ ನಮ್ಮನ್ನು ಹಿಡಿಯುವುದು ಕಷ್ಟವಲ್ಲ. ಹಳ್ಳದ ನೀರು ಬೆಳಗಿನ ಜಾವ ಇಳಿದಿರುತ್ತದೆ ಎಂದು ಲುದರ್ ಚಂದ್ ಸೇರಿಸಿದ. ಇಷ್ಟೆಲ್ಲ ಬರೆದು ಅವಳು ತಲೆ ಎತ್ತಿದಳು.

"ಮಾಮಾ, ನಾಳೆ ತಲೆನೋವಿಲ್ಲದಿದ್ದರೆ ನೀವು ಮುಂದೆ. ನಿಮ್ಮ ಹೆಜ್ಜೆ ಎಷ್ಟೋ ಅಷ್ಟೇ. ನಾವೆಲ್ಲ ನಿಮ್ಮ ಹಿಂದೆ."

ಅಣವೀರಪ್ಪ ಒಪ್ಪಲು ಹಿಂದುಮುಂದು ನೋಡಿದ. ಸಾಹೇಬರ ಕಚೇರಿಯವರು ಬಂದರೆ ಬದಿಗೆ ಸರಿದು ನಿಲ್ಲುವುದೇ ಅವನ ಅಭ್ಯಾಸ, ಅವರ ಮುಂದೆ ನಡೆದು ಗೊತ್ತಿಲ್ಲ. ನನ್ನನ್ನು ಕಾಯುತ್ತ ನೀವು ತಡವಾದರೆ ಎಂದ. ಕಾಯುವ ಮಾತೇ ಇಲ್ಲ, ನೀವು ನಡೆಯುವುದೇ ನಮ್ಮ ವೇಳೆ ಎಂದು ಅವಳು ನಕ್ಷೆ ಮಡಚಿದಳು.

ಬೆಳಗಿನ ಜಾವ ಅವನಿಗೆ ತಲೆನೋವಿರಲಿಲ್ಲ. ಲುದರ್ ಚಂದ್ ಅವನನ್ನು ಒಂದು ಗೆರೆಯ ಮೇಲೆ ನೇರ ನಡೆಸಿ ನೋಡಿ, ಸರಿ ಎಂದ. ನಾಲ್ಕು ಗಂಟೆ ಐದು ನಿಮಿಷಕ್ಕೆ ಹೊರಟರು. ಹಳ್ಳ ಪಾದದ ಮೇಲಕ್ಕೆ ಬರಲಿಲ್ಲ, ಬೂಟು ಬಿಚ್ಚದೆ ಕಲ್ಲಿನಿಂದ ಕಲ್ಲಿಗೆ ದಾಟಿದರು. ಅಣವೀರಪ್ಪನ ಹೆಜ್ಜೆ ಮೊದಮೊದಲು ಸೀನನಿಗೆ ಹಿಂಸೆಯಾಯಿತು. ದಾದರಿನ ಸೇತುವೆಯ ಮೇಲೆ ಹೀಗೆ ನಡೆದರೆ ಜನ ತುಳಿದುಕೊಂಡು ಹೋಗುತ್ತಾರೆ ಎಂದು ಗೊಣಗಿದ. ಒಂದು ಗಂಟೆ ಕಳೆದ ಮೇಲೆ ಅವನಿಗೇ ಆಶ್ಚರ್ಯ, ಉಸಿರು ಕಟ್ಟುತ್ತಿಲ್ಲ, ನಿಲ್ಲಬೇಕೆನಿಸುತ್ತಿಲ್ಲ. ಅರವತ್ತು ಹೆಜ್ಜೆ, ಹತ್ತು ಉಸಿರು, ಮತ್ತೆ ಅರವತ್ತು ಹೆಜ್ಜೆ. ಅದೇ ಲೆಕ್ಕದಲ್ಲಿ ಬಂಡೆ ರಾಶಿ ಹಿಂದೆ ಬಿತ್ತು. ಹಿಮದ ಬುಡ ಮುಟ್ಟಿದಾಗ ಏಳೂವರೆ.

ಇಳಿಜಾರಿನ ಹಿಮ ಗಟ್ಟಿಯಾಗಿತ್ತು. ಲುದರ್ ಚಂದ್ ಗುದ್ದಲಿಯಿಂದ ಮೆಟ್ಟಿಲು ಕಡಿಯುತ್ತ ಹೋದ, ಹಿಂದೆ ಅಣವೀರಪ್ಪ, ಅವನ ಹಿಂದೆ ಉಳಿದವರು.

ಅರ್ಧ ಏರಿದ್ದರು. ಮೋಡ ಬಂತು.

ಈ ಸಲ ಮೇಲಿಂದಲ್ಲ, ಕೆಳಗಿನ ಕಣಿವೆಯಿಂದ. ಎರಡು ನಿಮಿಷದಲ್ಲಿ ಮುಂದಿನವನ ಬೆನ್ನು ಕಾಣದಾಯಿತು.

ಸೀನ ಮೆಟ್ಟಿಲು ತಪ್ಪಿ ಕಾಲಿಟ್ಟ. ಜಾರಿದ. ಕೋಲು ಹಿಮಕ್ಕೆ ಕುಕ್ಕಿದ.

ಎರಡು ಆಳು ಉದ್ದ ಜಾರಿ ನಿಂತ.

"ಅಲ್ಲೇ ಕುಂದರು ಸೀನಪ್ಪ. ಏಳಬ್ಯಾಡ," ಎಂದಿತು ಮೇಲಿನಿಂದ ಅಣವೀರಪ್ಪನ ದನಿ. ಅದು ಹಳಿಯ ಮೇಲೆ ಗಾಡಿ ಬರುವಾಗ ಕೂಲಿಗಳಿಗೆ ಹೇಳುವ ದನಿ, ಜೋರೂ ಇಲ್ಲ, ನಡುಕವೂ ಇಲ್ಲ.

ಲುದರ್ ಚಂದ್ ಹಗ್ಗ ಇಳಿಬಿಟ್ಟ. ಸೀನ ಸೊಂಟಕ್ಕೆ ಸುತ್ತಿಕೊಂಡು, ನಾಲ್ಕು ಕಾಲಿನಲ್ಲಿ ತೆವಳಿ ಮೇಲೆ ಬಂದ. ಅಂಗೈ ತರಚಿತ್ತು, ಬೇರೆ ಏನೂ ಆಗಿರಲಿಲ್ಲ.

ಬಲಕ್ಕೆ ಒಂದು ಬಂಡೆ ಹಿಮದಿಂದ ಹೊರಗೆ ಚಾಚಿತ್ತು. ನಾಲ್ವರೂ ಅದಕ್ಕೆ ಬೆನ್ನು ಕೊಟ್ಟು ಕುಳಿತರು. ಈ ಮೋಡದಲ್ಲಿ ಹೋಗುವುದು ಬೇಡ, ಅದು ಹರಿಯುತ್ತದೆ, ಆದರೆ ಎಷ್ಟು ಹೊತ್ತಿಗೆ ಎಂದು ಹೇಳಲಾರೆ ಎಂದ ಲುದರ್ ಚಂದ್. ಎಲ್ಲರೂ ವಿನೋದಿನಿಯ ಕಡೆ ನೋಡಿದರು. ಅವಳು ಗಡಿಯಾರ ನೋಡಿದಳು. ಎಂಟೂ ನಲವತ್ತು. ನಿನ್ನೆಯಾಗಿದ್ದರೆ ಅವಳು ಜೋರಾಗಿ ಹೆಜ್ಜೆ ಹಾಕಿ ಎನ್ನುತ್ತಿದ್ದಳು. ಇವತ್ತು ಅವಳ ಕೈಯಲ್ಲಿ ಒಂದೂವರೆ ಗಂಟೆ ಇತ್ತು, ಕೂರಲೆಂದೇ ತಂದಿಟ್ಟುಕೊಂಡದ್ದು. ಕೂರೋಣ ಎಂದಳು.

ಕುಳಿತರು. ಸೀನ ಬೆಲ್ಲ, ಶೇಂಗಾ ಹಂಚಿದ. ಸುಂದ್ರವ್ವನ ಕಟಿರೊಟ್ಟಿಯ ಕೊನೆಯ ಚೂರುಗಳನ್ನೂ ಮುಗಿಸಿದರು. ಐವತ್ತು ನಿಮಿಷ ಕಳೆಯಿತು. ಆಮೇಲೆ ಮೋಡ ಬಂದ ಹಾಗೇ ಹೋಯಿತು, ಬಿಸಿಲು ಹಿಮದ ಮೇಲೆ ಬಿದ್ದು ಕಣ್ಣು ಕುಕ್ಕಿತು. ಅಣವೀರಪ್ಪ ಎದ್ದು ಕೋಲು ಊರಿದ. ಅರವತ್ತು ಹೆಜ್ಜೆ, ಹತ್ತು ಉಸಿರು.

ಹತ್ತು ಗಂಟೆ ಇಪ್ಪತ್ತೈದು ನಿಮಿಷಕ್ಕೆ ಇಳಿಜಾರು ಮುಗಿದು ಗಾಳಿ ಮುಖಕ್ಕೆ ಹೊಡೆಯಿತು. ಕುರಿಗಾಹಿಗಳು ಪೇರಿಸಿದ ಕಲ್ಲಿನ ಗುಡ್ಡೆ, ಅದಕ್ಕೆ ಸಿಕ್ಕಿಸಿದ ಬಣ್ಣ ಹೋದ ಬಟ್ಟೆಯ ಚೂರುಗಳು. ಅಣವೀರಪ್ಪ ಗುಡ್ಡೆಯ ಹತ್ತಿರ ಹೋಗಿ ನಿಂತುಬಿಟ್ಟ. ಮೂವತ್ತೊಂದು ವರ್ಷ ಕಂಬ ಕಂಡಲ್ಲಿ ನಿಂತ ಕಾಲು ಅವು.

"ಬಾಯಾರ, ಇಲ್ಲಿಂದ ತಿರುಗೂದಲ್ಲ, ಹೌದಲ್ರಿ?"

"ಅಲ್ಲ ಮಾಮಾ. ನಡೀರಿ," ಎಂದಳು ವಿನೋದಿನಿ.

ಅವನು ಗುಡ್ಡೆ ದಾಟಿ ಆಚೆಗೆ ಕಾಲಿಟ್ಟ. ಅಲ್ಲಿ ಬೇರೆಯದೇ ಲೋಕ. ಈಚೆಗಿದ್ದ ಹುಲ್ಲಿಲ್ಲ, ಹೂವಿಲ್ಲ, ಒಂದು ಮರವಿಲ್ಲ. ಹಿಮ ಕೆಳಗಿಳಿದು ಮುಗಿದ ಮೇಲೆ ಕಣ್ಣು ಹೋದಷ್ಟು ದೂರ ಕಂದು ಬಣ್ಣದ ಒಣ ಬೆಟ್ಟ, ಕಲ್ಲು, ಮಣ್ಣು, ನೀಲಿ ಆಕಾಶ. ಮಳೆಯ ಮೋಡಗಳನ್ನು ಘಾಟಿಯೇ ತಡೆದು ನಿಲ್ಲಿಸುತ್ತದೆಂದು ಲುದರ್ ಚಂದ್ ವಿವರಿಸಿದ. ಅಣವೀರಪ್ಪ ಅದನ್ನು ಕೇಳಿಸಿಕೊಂಡನೋ ಇಲ್ಲವೋ. ಅವನು ಹತ್ತು ಉಸಿರಿಗಿಂತ ಹೆಚ್ಚು ಹೊತ್ತು ನಿಂತು ನೋಡಿದ.

ಇಳಿಯುವುದು ಮೂರು ಗಂಟೆ ಎಂದು ಬರೆದಿತ್ತು, ಐದು ಗಂಟೆ ಹಿಡಿಯಿತು. ವಿನೋದಿನಿಯ ಮೊಣಕಾಲು ಉಳುಕಿತು, ಸೀನ ಹಿಮದ ಮೇಲೆ ಕುಳಿತೇ ಅರ್ಧ ದಾರಿ ಜಾರಿದ. ಡೇರೆ ಮುಟ್ಟಿದಾಗ ಗಡಿಯಾರ ನೋಡಲು ಎಲ್ಲರೂ ಮರೆತರು. ಮರುದಿನ ಕಲ್ಲುದಾರಿಯಲ್ಲಿ ಕುಂಟುತ್ತ ಲಾರಿ ರಸ್ತೆಯ ಮೇಲಿನ ಛತ್ರು ಸೇರಿ, ರೋಹ್ತಾಂಗ್ ಘಾಟಿ ದಾಟಿ ಹೋಗುವ ಲಾರಿಯೊಂದರಲ್ಲಿ ಮೂಟೆಗಳ ಮೇಲೆ ಕುಳಿತು ಮನಾಲಿಗೆ ಬಂದು, ದೆಹಲಿಯ ಗಾಡಿಯನ್ನು ಅರ್ಧ ಗಂಟೆ ಮೊದಲೇ ಹಿಡಿದರು.

ಮುಂಬಯಿಯಲ್ಲಿ ಮಳೆ ಶುರುವಾಗಿತ್ತು. ಗುರಲಿಂಗಪ್ಪ ಕೊಡೆ ಹಿಡಿದು ಸ್ಟೇಶನ್ನಿಗೆ ಬಂದಿದ್ದ. ಸುಟ್ಟು ಕಪ್ಪಾದ ಮೂರು ಮುಖ ನೋಡಿ, ಯಾರು ದಾಟಿದಿರಿ ಎಂದು ಕೇಳಿದ. ಅಣವೀರಪ್ಪ ಮೊದಲು, ನಾವು ಅವರ ಹಿಂದೆ ಎಂದಳು ವಿನೋದಿನಿ. ಅವನು ಮತ್ತೇನೂ ಕೇಳದೆ ಮುದುಕನ ಚೀಲ ತಾನೇ ಎತ್ತಿಕೊಂಡ.

ಬೊರಿವಲಿಯ ಕ್ವಾರ್ಟರ್ಸಿನಲ್ಲಿ ಸುಂದ್ರವ್ವ ಬಿಸಿನೀರು ಕಾಸಿ, ಗಂಡನ ಒಡೆದ ಹಿಮ್ಮಡಿಗೆ ಎಣ್ಣೆ ಹಚ್ಚುತ್ತ ಕುಳಿತಳು. ಬೈಗುಳ ಇನ್ನೂ ಮುಗಿದಿರಲಿಲ್ಲ. ಅದರ ನಡುವೆಯೇ, ಗುಡ್ಡದ ಆಚೆಗೆ ಏನಿತ್ತು ಅಂತ ಕೇಳಿದಳು.

"ನಮ್ಮೂರಿನ ಬಯಲ ಇದ್ದಂಗ ಇತ್ತ," ಎಂದ ಅಣವೀರಪ್ಪ. "ಬರೇ ಕಲ್ಲ, ಬರೇ ಬಿಸಲ."

"ಅಯ್ಯ, ಅದನ್ನ ನೋಡಾಕ ಅಷ್ಟ ದೂರ ಹೋಗಿದ್ರೇನು?"

ಅವನು ನಕ್ಕ. ಸುಂದ್ರವ್ವ ಇನ್ನೊಂದು ಕಾಲು ಎಳೆದುಕೊಂಡಳು. ಹಳೆ ಕಾಲು ಇವು, ಪಾಪ ಎಲ್ಲರೂ ನಿಮಗಾಗಿ ದಾರಿಯುದ್ದಕ್ಕೂ ನಿಂತು ನಿಂತು ಸಾಕಾಗಿರಬೇಕು ಎಂದಳು.

"ನಿಂದ್ರಲಿಲ್ಲ," ಎಂದ ಅವನು. "ನನ್ನ ಮುಂದ ಬಿಟ್ರು. ಬಾಯಾರು, ಸೀನಪ್ಪ, ಎಲ್ಲಾರೂ ನನ್ನ ಹಿಂದ ಬಂದ್ರು."

ಅಷ್ಟು ಹೇಳುವಾಗ ಅವನ ದನಿ ಒಡೆಯಿತು. ಹಿಮದಲ್ಲಿ ಕುಸಿದಾಗ ಬಾರದ ಕಣ್ಣೀರು ಈಗ ಬಂತು. ಸುಂದ್ರವ್ವ ಬೈಯುವುದನ್ನು ನಿಲ್ಲಿಸಿ, ಎಣ್ಣೆಯ ಕೈಯಲ್ಲೇ ಅವನ ಪಾದವನ್ನು ಗಟ್ಟಿಯಾಗಿ ಹಿಡಿದುಕೊಂಡು ಕುಳಿತಳು.